ನಾಯಿಗೆ ಗಾಡಿ ಬಡಿದಾಗ: ಆಪರೇಷನ್ನಾ, ಬರೀ ಕಟ್ಟಾ, ಕಾಲು ತೆಗೆಸೋದಾ, ದಯಾಮರಣವಾ?

ಹುಬ್ಬಳ್ಳಿಯ ಗೋಕುಲ ರೋಡಾಗಲಿ, ಧಾರವಾಡದ ಸಪ್ತಾಪುರವಾಗಲಿ, ಗದಗ-ಬೆಟಗೇರಿಯ ಓಣಿಯಾಗಲಿ, ಗೇಟು ಒಂದು ನಿಮಿಷ ತೆರೆದಿದ್ದರೆ ಸಾಕು. ನಾಯಿ ರಸ್ತೆಯಲ್ಲಿರುತ್ತದೆ. ಆಮೇಲೆ ದವಾಖಾನೆ, ಎಕ್ಸ್‌ರೇ, ಮತ್ತೆ ಡಾಕ್ಟರು ಹೇಳುವ ಒಂದು ಮೊತ್ತ. ಅದು 15,000 ಇರಬಹುದು, 50,000 ಇರಬಹುದು. ಆ ಮೊತ್ತ ಕಿವಿಗೆ ಬಿದ್ದ ಮೇಲೆ ಅವರು ಹೇಳಿದ ಬೇರೆ ಯಾವ ಮಾತೂ ತಲೆಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದರೆ ಮಕ್ಕಳು ಅಳುತ್ತಿರುತ್ತಾರೆ, ಹಿರಿಯರು "ಅಷ್ಟು ರೊಕ್ಕದಾಗ ಒಂದು ಆಕಳಾ ಬರತದಲ್ಲೋ ತಮ್ಮಾ" ಅಂದು ಸುಮ್ಮನಾಗುತ್ತಾರೆ.

ನಾನು ಡಾಕ್ಟರ್ ಅಲ್ಲ. ನಾಯಿ ಬೆಕ್ಕು ಸಾಕಿದ ಮನೆಯವನು, ಅಕ್ಕಪಕ್ಕದವರ ಜೊತೆ ದವಾಖಾನೆಗೆ ಓಡಾಡಿದವನು. ನಾನು ನೋಡಿದಂತೆ ಜನ ಎಡವುವುದು ಒಂದೇ ಕಡೆ: ರೊಕ್ಕದಿಂದ ಲೆಕ್ಕ ಶುರು ಮಾಡುತ್ತಾರೆ. ರೊಕ್ಕ ಮೂರನೆಯ ಪ್ರಶ್ನೆ. ಮೊದಲನೆಯದು, ಏನು ಮುರಿದಿದೆ. ಎರಡನೆಯದು, ಮುಂದಿನ ಎರಡು ತಿಂಗಳು ಮನೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರು. ಈ ಎರಡಕ್ಕೆ ಉತ್ತರ ಸಿಕ್ಕರೆ ಎಷ್ಟೋ ಸಲ ದೊಡ್ಡ ಬಿಲ್ಲಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಕಡಿಮೆ ಖರ್ಚಿನ ದಾರಿಯೇ ಸರಿ ಅಂತ ಗೊತ್ತಾಗಬಹುದು, ಇಲ್ಲವೇ ದೊಡ್ಡ ಖರ್ಚು ಮಾಡಿದರೂ ಉಪಯೋಗವಿಲ್ಲ ಅಂತ ಗೊತ್ತಾಗಬಹುದು.

ಮೊದಲ ದಿನವೇ ತೀರ್ಮಾನ ಬೇಡ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಲುಬು ಮುರಿದದ್ದಕ್ಕೆ ಅದೇ ರಾತ್ರಿ ಆಪರೇಷನ್ ಆಗಬೇಕು ಅಂತೇನಿಲ್ಲ. ಚರ್ಮ ಹರಿಯದ ಮುರಿತವಾದರೆ ಮೂರ್ನಾಲ್ಕು ದಿನ ತಡೆಯುತ್ತದೆ. ಹಾಗಂತ ಎರಡು ವಾರ ಎಳೆಯಬೇಡಿ. ಅಷ್ಟರಲ್ಲಿ ಸ್ನಾಯು ಬಿಗಿದು, ಮುರಿದ ತುದಿಗಳ ಸುತ್ತ ಹೊಸ ಎಲುಬು ಬೆಳೆಯಲು ಶುರುವಾಗಿ, ಕೂಡಿಸುವ ಕೆಲಸ ಕಷ್ಟವಾಗುತ್ತದೆ. ಅಂದರೆ ನಿಮಗೆ ಯೋಚಿಸಲು, ಇನ್ನೊಬ್ಬ ಡಾಕ್ಟರಿಗೆ ಎಕ್ಸ್‌ರೇ ತೋರಿಸಲು, ನಾಲ್ಕು ಕಡೆ ದರ ಕೇಳಲು ಎರಡು ದಿನ ಧಾರಾಳವಾಗಿ ಸಿಗುತ್ತವೆ. ಆ ಎರಡು ದಿನ ನಾಯಿಗೆ ನೋವಿನ ಔಷಧ ಬೇಕೇ ಬೇಕು, ಅದನ್ನು ಡಾಕ್ಟರೇ ಕೊಡಬೇಕು.

ಮನೆಯಲ್ಲಿರುವ ಮನುಷ್ಯರ ಗುಳಿಗೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಗುಳಿಗೆಗೆ ಬೆಕ್ಕು ಸಾಯಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಮೆಡಿಕಲ್ ಶಾಪಿನವರು "ಅರ್ಧ ಗುಳಗಿ ಕೊಡ್ರಿ, ಏನಾಗಂಗಿಲ್ಲ" ಅಂದರೂ ಕೇಳಬೇಡಿ.

ಇನ್ನು ಕಾಯಬಾರದ ಸಂಗತಿಗಳು ಬೇರೆಯೇ ಇವೆ, ಮತ್ತು ಅವು ಕಾಲಿನವಲ್ಲ. ಕಾಲು ಜೋತಾಡುತ್ತಿದ್ದರೆ ಎಲ್ಲರ ಕಣ್ಣೂ ಕಾಲಿನ ಮೇಲೇ ಇರುತ್ತದೆ, ಆದರೆ ನಾಯಿ ಸಾಯುವುದು ಒಳಗಿನ ಪೆಟ್ಟಿನಿಂದ. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗಿದ್ದರೆ ರಕ್ತ ಒಳಗೆ ಹೋಗುತ್ತಿರಬಹುದು. ಉಸಿರಿಗೆ ಹೊಟ್ಟೆ ಜೋರಾಗಿ ಬಡಿದುಕೊಳ್ಳುತ್ತಿದ್ದರೆ ಎದೆಯೊಳಗೆ ಗಾಳಿ ತುಂಬಿರಬಹುದು, ಇಲ್ಲವೇ ಎದೆಗೂ ಹೊಟ್ಟೆಗೂ ನಡುವಿನ ಪರದೆ ಹರಿದು ಕರುಳು ಮೇಲೆ ಹೋಗಿರಬಹುದು. ದಿನವಾದರೂ ಉಚ್ಚೆ ಹೊಯ್ದಿಲ್ಲ ಅಂದರೆ ಮೂತ್ರಚೀಲ ಒಡೆದಿದೆಯಾ ಅಂತ ನೋಡಿಸಬೇಕು. ಎಲುಬು ಚರ್ಮ ಹರಿದು ಹೊರಗೆ ಬಂದಿದ್ದರೆ ಅದು ಅವತ್ತೇ ಆಗಬೇಕಾದ ಕೆಲಸ, ಕೀವು ಹಿಡಿಯಿತೆಂದರೆ ಖರ್ಚು ಜಾಸ್ತಿ ಆಗುತ್ತದೆ, ಕಾಲು ಉಳಿಯುವ ಭರವಸೆ ಕಡಿಮೆ ಆಗುತ್ತದೆ.

ಮತ್ತೊಂದು ಮಾತು. ಎಷ್ಟು ಪ್ರೀತಿಯ ನಾಯಿಯಾದರೂ ನೋವಲ್ಲಿ ಕಚ್ಚುತ್ತದೆ. ಎತ್ತುವ ಮುಂಚೆ ಹಳೆ ದುಪಟ್ಟಾದಿಂದ ಬಾಯಿ ಕಟ್ಟಿ, ಆದರೆ ಉಸಿರಾಟದ ತೊಂದರೆ ಇದ್ದರೆ ಕಟ್ಟಬೇಡಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಬಗ್ಗೆ ಕೇಳಿ. ಬೀದಿ ನಾಯಿಯನ್ನು ಎತ್ತಿಕೊಂಡು ಬಂದಿದ್ದರಂತೂ ಇದನ್ನು ಮರೆಯಲೇಬೇಡಿ.

ಮುರಿದದ್ದು ಯಾವುದು ಅನ್ನುವುದರ ಮೇಲೆ ದಾರಿ

"ಬರೀ ಕಟ್ಟು ಹಾಕಿದರೆ ಸಾಲದಾ?" ಎಲ್ಲರೂ ಕೇಳುವ ಪ್ರಶ್ನೆ. ಕೆಲವಕ್ಕೆ ಸಾಲುತ್ತದೆ, ಕೆಲವಕ್ಕೆ ಕಟ್ಟು ಹಾಕುವುದೇ ತಪ್ಪು. ನಿಯಮ ಸುಲಭ. ಕಟ್ಟು ಕೆಲಸ ಮಾಡಬೇಕಾದರೆ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಾಡಬಾರದು.

ಹಾಗಾಗಿ ಮುಂಗಾಲಿನ ಮೊಣಕೈ ಕೆಳಗೆ, ಹಿಂಗಾಲಿನ ಮೊಣಕಾಲು ಕೆಳಗೆ ನೆಟ್ಟಗೆ ಬಿರುಕು ಬಿಟ್ಟಿದ್ದು, ತುದಿಗಳು ಜಾಸ್ತಿ ಸರಿದಿಲ್ಲ ಅಂದರೆ ಕಟ್ಟು ಒಳ್ಳೆಯ ದಾರಿ. ಮರಿಗಳಲ್ಲಂತೂ ಮೂರ್ನಾಲ್ಕು ವಾರದಲ್ಲೇ ಕೂಡಿಬಿಡುತ್ತದೆ. ದೊಡ್ಡ ನಾಯಿಗೆ ಎರಡು ಮೂರು ತಿಂಗಳು ಹಿಡಿಯಬಹುದು. ಇಲ್ಲಿ ದುಬಾರಿ ಪ್ಲೇಟ್ (ಎಲುಬಿನ ಮೇಲಿಟ್ಟು ಸ್ಕ್ರೂನಿಂದ ಬಿಗಿಯುವ ಲೋಹದ ಪಟ್ಟಿ) ಹಾಕಿಸದಿದ್ದರೆ ನಾಯಿಗೆ ಅನ್ಯಾಯ ಮಾಡಿದಂತೆ ಅಂದುಕೊಳ್ಳುವುದು ಬೇಡ.

ಆದರೆ ಪಮೇರಿಯನ್ ತರದ ಸಣ್ಣ ನಾಯಿ ಸೋಫಾದಿಂದ ಜಿಗಿದು ಮುಂಗಾಲು ಮಣಿಕಟ್ಟಿನ ಹತ್ತಿರ ಮುರಿದುಕೊಂಡರೆ ಕಥೆ ಬೇರೆ. ಆ ಜಾಗಕ್ಕೆ ರಕ್ತ ಸಾಗುವುದು ಕಡಿಮೆ. ಕಟ್ಟಿನೊಳಗೆ ತಿಂಗಳುಗಟ್ಟಲೆ ಇಟ್ಟರೂ ಎಲುಬು ಕೂಡದೆ ಉಳಿಯುವುದು ಇಂಥ ನಾಯಿಗಳಲ್ಲೇ ಜಾಸ್ತಿ. "ಸಣ್ಣ ನಾಯಿ, ಸಣ್ಣ ಎಲುಬು, ಕಟ್ಟು ಸಾಕು" ಅನ್ನಿಸುತ್ತದೆ, ಆದರೆ ಪ್ಲೇಟ್‌ಗೆ ಖರ್ಚು ಮಾಡುವುದಕ್ಕೆ ಅರ್ಥವಿರುವುದು ಇಲ್ಲಿಯೇ.

ತೊಡೆ ಎಲುಬು, ಮುಂಗಾಲಿನ ತೋಳಿನ ಎಲುಬು, ಇವೆರಡಕ್ಕೆ ಕಟ್ಟು ಆಗುವುದಿಲ್ಲ. ಮೇಲಿನ ಕೀಲನ್ನು ಕಟ್ಟಿನಲ್ಲಿ ಹಿಡಿಯಲು ಸಾಧ್ಯವೇ ಇಲ್ಲ. ಕಟ್ಟು ಕೆಳಗೆ ಜಾರಿ, ಅದರ ಭಾರಕ್ಕೆ ಮುರಿದ ಜಾಗ ಇನ್ನೂ ಅಲುಗಾಡುತ್ತದೆ. ಯಾರಾದರೂ ತೊಡೆ ಮುರಿದ ನಾಯಿಗೆ ಕಡಿಮೆ ಖರ್ಚಲ್ಲಿ ಕಟ್ಟು ಹಾಕಿಕೊಡುತ್ತೇನೆ ಅಂದರೆ ಆ ರೊಕ್ಕ ಹಳ್ಳಕ್ಕೆ. ಇಲ್ಲಿ ಆಯ್ಕೆ ಇರುವುದು ಸರಳು ಮತ್ತು ಪ್ಲೇಟ್ ನಡುವೆ. ಎಲುಬಿನ ಪೊಳ್ಳಿನೊಳಗೆ ಉಕ್ಕಿನ ಸರಳು ಹಾಕುವುದು ಕಡಿಮೆ ಖರ್ಚು. ಮರಿಗೆ, ಬೆಕ್ಕಿಗೆ, ಹಗುರ ನಾಯಿಯ ನೇರ ಮುರಿತಕ್ಕೆ ಚೆನ್ನಾಗಿ ಆಗುತ್ತದೆ. ಆದರೆ ಬರೀ ಸರಳು ಎಲುಬು ತಿರುಗುವುದನ್ನು ತಡೆಯುವುದಿಲ್ಲ, ಮತ್ತು ಆಮೇಲೆ ಅದನ್ನು ತೆಗೆಸಲು ಇನ್ನೊಮ್ಮೆ ಅರಿವಳಿಕೆ ಬೇಕಾಗಬಹುದು. ಆ ಎರಡನೇ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಪ್ಲೇಟ್ ದುಬಾರಿ, ಆದರೆ ನಾಲ್ಕಾರು ತುಂಡಾದ ಎಲುಬಿಗೆ, 30 ಕೆಜಿ ಲ್ಯಾಬ್ರಡಾರ್‌ಗೆ ಅದೇ ಸರಿ. ಹೊರಗಿನಿಂದ ಮೊಳೆ ಹಾಕಿ ಕಂಬಿ ಕೂಡಿಸುವ ವಿಧಾನ ಒಂದಿದೆ, ಗಾಯ ತೆರೆದಿರುವ ಮುರಿತಕ್ಕೆ ಅದು ಅನುಕೂಲ, ಆದರೆ ಮೊಳೆ ಹೊಕ್ಕ ಜಾಗವನ್ನು ಮನೆಯಲ್ಲಿ ದಿನಾ ಸ್ವಚ್ಛ ಮಾಡಬೇಕು.

ಸೊಂಟದ ಎಲುಬಿನ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಎಕ್ಸ್‌ರೇಯಲ್ಲಿ ಮೂರು ಕಡೆ ಮುರಿದದ್ದು ಕಂಡರೆ "ಮುಗೀತು" ಅನ್ನಿಸುತ್ತದೆ. ಆದರೆ ಭಾರ ಹೊರುವ ಭಾಗ, ತೊಡೆ ಕೂರುವ ಬಟ್ಟಲು ಸರಿಯಿದ್ದರೆ, ಎಷ್ಟೋ ನಾಯಿ ಬೆಕ್ಕುಗಳು ನಾಲ್ಕರಿಂದ ಆರು ವಾರ ಇಕ್ಕಟ್ಟಾದ ಜಾಗದಲ್ಲಿ ಬಿದ್ದುಕೊಂಡು ಆಪರೇಷನ್ ಇಲ್ಲದೆಯೇ ಎದ್ದು ಓಡಾಡುತ್ತವೆ. ಖರ್ಚು ಇರುವುದು ನೋವಿನ ಔಷಧಕ್ಕೆ ಮತ್ತು ನಿಮ್ಮ ತಾಳ್ಮೆಗೆ. ಹೆಣ್ಣು ನಾಯಿಯಾದರೆ ಮುಂದೆ ಮರಿ ಹಾಕುವಾಗ ದಾರಿ ಇಕ್ಕಟ್ಟಾಗಿರುತ್ತದೆ, ಸಂತಾನಹರಣ ಮಾಡಿಸಿಬಿಡಿ.

ತೊಡೆಯ ಕೀಲು ತಪ್ಪಿದ್ದರೆ ಮೊದಲ ಒಂದೆರಡು ದಿನದಲ್ಲಿ ಅರಿವಳಿಕೆ ಕೊಟ್ಟು ಎಳೆದು ಕೂರಿಸಬಹುದು. ಕೂರಲಿಲ್ಲ ಅಂದರೆ ತೊಡೆ ಎಲುಬಿನ ಗುಂಡು ತಲೆಯನ್ನೇ ಕತ್ತರಿಸಿ ತೆಗೆಯುವ ಆಪರೇಷನ್ ಇದೆ. ಕೇಳಲು ಭಯಂಕರ. ಆದರೆ ಪ್ಲೇಟ್, ಸ್ಕ್ರೂ ಯಾವುದೂ ಬೇಡ, ಹಾಗಾಗಿ ಖರ್ಚು ಹಿಡಿತದಲ್ಲಿರುತ್ತದೆ, ಬೆಕ್ಕು ಮತ್ತು ಹಗುರ ನಾಯಿಗಳು ಅದರ ಮೇಲೆ ಚೆನ್ನಾಗಿ ಓಡುತ್ತವೆ. ಮಾಳಿಗೆಯಿಂದ ಬಿದ್ದ ಬೆಕ್ಕಿನ ಕೆಳದವಡೆ ನಡುವೆ ಸೀಳಿದ್ದರೆ ಒಂದು ತಂತಿ ಸುತ್ತಿದರೆ ಸಾಕು, ಅದಕ್ಕೆ ಊರು ಬಿಟ್ಟು ಹೋಗುವ ಅಗತ್ಯವಿಲ್ಲ.

ಬೆನ್ನುಹುರಿಗೆ ಬಂದರೆ ಒಂದೇ ಒಂದು ಪರೀಕ್ಷೆ ನಿಮ್ಮ ಅರ್ಧ ತೀರ್ಮಾನ ಮಾಡುತ್ತದೆ. ಡಾಕ್ಟರು ಹಿಂಗಾಲಿನ ಬೆರಳನ್ನು ಚಿಮಟದಿಂದ ಗಟ್ಟಿಯಾಗಿ ಹಿಂಡುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಂಡರೆ ಮನೆಯವರಿಗೆ ಖುಷಿ ಆಗುತ್ತದೆ, ಆದರೆ ಕಾಲು ತಾನಾಗಿ ಎಳೆದುಕೊಳ್ಳುವುದು ಲೆಕ್ಕಕ್ಕಿಲ್ಲ. ನಾಯಿ ತಿರುಗಿ ನೋಡಿತಾ, ಕೂಗಿತಾ, ಕಚ್ಚಲು ಬಂತಾ ಅನ್ನುವುದು ಮುಖ್ಯ. ಅಂದರೆ ನೋವು ಮಿದುಳಿಗೆ ಮುಟ್ಟುತ್ತಿದೆಯಾ ಅಂತ. ಮುಟ್ಟುತ್ತಿದ್ದರೆ ಆಸೆ ಇದೆ, ಖರ್ಚಿಗೂ ಅರ್ಥವಿದೆ. ಗಾಡಿ ಬಡಿದು ಬೆನ್ನೆಲುಬು ಮುರಿದು, ಆ ನೋವೂ ತಿಳಿಯುತ್ತಿಲ್ಲ ಅಂದರೆ, ಎಷ್ಟು ಸುರಿದರೂ ಮತ್ತೆ ನಡೆಯುವ ಸಾಧ್ಯತೆ ತೀರಾ ಕಡಿಮೆ. ಈ ಪರೀಕ್ಷೆ ಮಾಡದೆ ಯಾರಾದರೂ ಎಂ.ಆರ್.ಐ.ಗೆ ಬೆಂಗಳೂರಿಗೆ ಹೊರಡಿ ಅಂದರೆ, ಹೊರಡುವ ಮುಂಚೆ ಮಾಡಿಸಿಕೊಳ್ಳಿ. ಚಿಮಟಕ್ಕೆ ರೊಕ್ಕ ಬೀಳುವುದಿಲ್ಲ.

ಕಾಲು ತೆಗೆಸುವುದು

ಈ ಮಾತು ಕೇಳಿದ ಕೂಡಲೇ ಎದ್ದು ಹೋಗುವವರನ್ನು ನೋಡಿದ್ದೇನೆ. "ಕಾಲು ತೆಗೆಸೋದಕ್ಕಿಂತ ಸಾಯಲಿ" ಅನ್ನುತ್ತಾರೆ. ನಾಯಿಗೆ ಆ ಅವಮಾನವೆಲ್ಲ ಗೊತ್ತಿಲ್ಲ. ಮೂರು ಕಾಲಿನ ನಾಯಿ, ಅದರಲ್ಲೂ ನಮ್ಮ ಬೀದಿ ತಳಿಯ ಸಣಕಲು ಮೈಯ ನಾಯಿ, ಕೆಲವು ವಾರಗಳಲ್ಲಿ ಓಣಿ ತುಂಬ ಓಡುತ್ತದೆ. ಬೆಕ್ಕಂತೂ ಕೇಳಬೇಡಿ. ಮುಂಗಾಲಿನ ನರಗಳೇ ಕಿತ್ತುಹೋಗಿ ಕಾಲು ನೆಲಕ್ಕೆ ಎಳೆದುಕೊಂಡು ಹೋಗುತ್ತಿದ್ದು, ಬೆರಳು ಹಿಂಡಿದರೂ ಗೊತ್ತಾಗುತ್ತಿಲ್ಲ ಅಂದರೆ, ಅದರ ಎಲುಬಿಗೆ 40,000 ರೂಪಾಯಿಯ ಪ್ಲೇಟ್ ಹಾಕಿಸಿ ಏನು ಮಾಡುತ್ತೀರಿ? ಎಲುಬು ಕೂಡುತ್ತದೆ, ಕಾಲು ಸತ್ತೇ ಇರುತ್ತದೆ.

ದೊಡ್ಡ ಪ್ಲೇಟ್ ಆಪರೇಷನ್ನಿಗೂ ದಯಾಮರಣಕ್ಕೂ ನಡುವೆ ಈ ದಾರಿ ಇದೆ ಅಂತ ಎಷ್ಟೋ ಮನೆಯವರಿಗೆ ಯಾರೂ ಹೇಳುವುದೇ ಇಲ್ಲ. ಖರ್ಚು ಸಾಮಾನ್ಯವಾಗಿ ಕಡಿಮೆ, ಒಂದೇ ಆಪರೇಷನ್, 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚಿದರೆ ಮುಗಿಯಿತು, ತಿಂಗಳುಗಟ್ಟಲೆ ಕಟ್ಟಿಹಾಕುವ ಕೆಲಸವಿಲ್ಲ. ಯಾರಿಗೆ ಆಗುವುದಿಲ್ಲ ಅಂದರೆ: ಮೈ ಬಂದ, ವಯಸ್ಸಾದ, ಉಳಿದ ಕಾಲಿನ ಕೀಲುಗಳು ಮೊದಲೇ ಸವೆದಿರುವ ದೊಡ್ಡ ನಾಯಿಗೆ. ಊರಲ್ಲಿ ಲ್ಯಾಬ್ರಡಾರ್‌ಗಳಿಗೆ ಅನ್ನ, ಚಪಾತಿ, ಪಾರ್ಲೆ-ಜಿ ಹಾಕಿ ಹಾಕಿ ಏನು ಮಾಡಿಟ್ಟಿದ್ದೇವೆ ನೋಡಿದ್ದೀರಲ್ಲ. ಅಂಥದಕ್ಕೆ ಮೂರು ಕಾಲು ಕಷ್ಟ.

ದಯಾಮರಣ

ಬೆನ್ನುಹುರಿ ಹೋಗಿ ನೋವೂ ತಿಳಿಯದಿದ್ದರೆ, ಒಳಗೆ ಸರಿಪಡಿಸಲಾಗದ ಪೆಟ್ಟಿದ್ದರೆ, ಬಹಳ ಮುದಿ ನಾಯಿಗೆ ಎರಡು ಮೂರು ಕಡೆ ಮುರಿದಿದ್ದರೆ, ಇದನ್ನು ಬಾಯಿಬಿಟ್ಟು ಕೇಳಲು ಹಿಂಜರಿಯಬೇಡಿ. ನಮ್ಮ ಕಡೆ ಅನೇಕರು "ಪಾಪ ತಗಲತದ" ಅಂತ ಇಂಜೆಕ್ಷನ್ ಬೇಡ ಅನ್ನುತ್ತಾರೆ, ಆದರೆ ಅದೇ ನಾಯಿಯನ್ನು ಹಿತ್ತಲಲ್ಲಿ ಮಲಗಿಸಿ ನಾಲ್ಕು ದಿನ ನರಳಿ ಸಾಯಲು ಬಿಡುತ್ತಾರೆ. ನನಗೆ ಆ ಲೆಕ್ಕ ಅರ್ಥವಾಗಿಲ್ಲ. ಇನ್ನು ಬೈಪಾಸ್ ಪಕ್ಕ ಬಿಟ್ಟು ಬರುವವರೂ ಇದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆಯಲ್ಲಿ ಮೊದಲ ಸಲಕ್ಕೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ, ಅದು ಬೇರೆ ನಗೆಪಾಟಲು.

ಮಾಡಿಸುವುದಾದರೆ ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟು, ನಂತರ ರಕ್ತನಾಳಕ್ಕೆ ಅರಿವಳಿಕೆಯ ಅತಿ ಪ್ರಮಾಣ ಕೊಡಬೇಕು. ಎಚ್ಚರ ಇರುವ ನಾಯಿಗೆ ಬೇರೆ ಏನಾದರೂ ಚುಚ್ಚಿ ಮುಗಿಸಲು ಬಿಡಬೇಡಿ. "ಮೊದಲು ಮಂಪರು ಕೊಡ್ತೀರಲ್ಲ ಸರ್?" ಅಂತ ಕೇಳಿ. ನಿಮ್ಮಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಬಹುದು, ಅದು ಸರಿಯಾದ ಕ್ರಮವೇ.

ಮನೆಯಲ್ಲಿ ಯಾರಿದ್ದಾರೆ

ಈಗ ಎರಡನೇ ಪ್ರಶ್ನೆ. ನನ್ನ ಪ್ರಕಾರ ಅತಿ ಹೆಚ್ಚು ಆಪರೇಷನ್‌ಗಳು ಹಾಳಾಗುವುದು ಟೇಬಲ್ ಮೇಲಲ್ಲ, ಮನೆಯಲ್ಲಿ. ಪ್ಲೇಟ್ ಹಾಕಿಸಿದ ನಾಯಿ ಒಂದು ವಾರಕ್ಕೆ "ಆರಾಮ" ಅನ್ನಿಸುತ್ತದೆ. ಬಾಗಿಲ ಗಂಟೆ ಬಾರಿಸಿದರೆ ಜಿಗಿಯುತ್ತದೆ. ಮೆಟ್ಟಿಲು ಹತ್ತುತ್ತದೆ. ಸ್ಕ್ರೂ ಸಡಿಲವಾಗುತ್ತದೆ. ಮತ್ತೆ ಮೊದಲಿಂದ ಶುರು, ಈ ಸಲ ಇನ್ನೂ ಜಾಸ್ತಿ ಖರ್ಚು.

ಆರರಿಂದ ಎಂಟು ವಾರ ಒಂದು ಸಣ್ಣ ಜಾಗದಲ್ಲಿ ಇಡಬೇಕು. ಪಂಜರ ಇಲ್ಲದಿದ್ದರೆ ಎರಡು ಮಂಚ ಅಡ್ಡ ಹಾಕಿ ಮೂಲೆ ಕಟ್ಟಿ. ನಮ್ಮ ಮನೆಗಳ ನೆಲ ದೊಡ್ಡ ಸಮಸ್ಯೆ. ಟೈಲ್ಸ್ ಇರಲಿ, ನುಣುಪಾದ ಹಾಸುಗಲ್ಲಿರಲಿ, ಮೂರು ಕಾಲಲ್ಲಿ ನಿಂತ ನಾಯಿ ಜಾರುತ್ತದೆ. ಗೋಣಿಚೀಲ, ರಬ್ಬರ್ ಮ್ಯಾಟು ಹಾಸಿ. ನವಲಗುಂದದ ಜಮಖಾನೆ ಹಾಸಬೇಡಿ, ಉಚ್ಚೆ ಹೊಯ್ದರೆ ಮನೆಯಲ್ಲಿ ಇನ್ನೊಂದು ಜಗಳ. ಉಚ್ಚೆಗೆ ಕರೆದೊಯ್ಯುವಾಗ ಹಳೆ ಟವೆಲ್ಲನ್ನು ಹೊಟ್ಟೆ ಕೆಳಗೆ ಹಾಕಿ ಹಿಂಭಾಗ ಎತ್ತಿ ಹಿಡಿಯಬೇಕು. 8 ಕೆಜಿ ನಾಯಿಯಾದರೆ ಅಜ್ಜಿಯೂ ಮಾಡುತ್ತಾಳೆ. 35 ಕೆಜಿ ನಾಯಿಯನ್ನು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಎರಡನೇ ಮಹಡಿಯಿಂದ ದಿನಕ್ಕೆ ನಾಲ್ಕು ಸಲ ಯಾರು ಇಳಿಸುತ್ತಾರೆ? ಇದಕ್ಕೆ ಹೆಸರು ಸಮೇತ ಉತ್ತರ ಬೇಕು. "ನೋಡ್ಕೊಳ್ಳೋಣ" ಅನ್ನುವುದು ಉತ್ತರ ಅಲ್ಲ.

ಹಿಂಭಾಗ ಸ್ವಾಧೀನ ತಪ್ಪಿದ ನಾಯಿಗೆ ಇನ್ನೂ ಜಾಸ್ತಿ. ದಿನಕ್ಕೆ ಮೂರ್ನಾಲ್ಕು ಸಲ ಹೊಟ್ಟೆ ಒತ್ತಿ ಉಚ್ಚೆ ತೆಗೆಯಬೇಕು, ಕೆಲವು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು. ಗಾಲಿಬಂಡಿ ಕಟ್ಟಿಕೊಟ್ಟು ವರ್ಷಗಟ್ಟಲೆ ಚೆನ್ನಾಗಿ ಸಾಕಿದವರಿದ್ದಾರೆ. ಅದು ಮಾಡಲಾಗದವರು ಕೆಟ್ಟವರಲ್ಲ, ಆದರೆ ಮಾಡಲಾಗದು ಅಂತ ಮೊದಲೇ ಒಪ್ಪಿಕೊಳ್ಳಬೇಕು.

ಬರೀ ಕಟ್ಟು ಆರಿಸಿಕೊಂಡರೂ ಕೆಲಸ ಇದೆ. ನಡುವಿನ ಎರಡು ಬೆರಳ ಉಗುರು ಹೊರಗೆ ಕಾಣುವಂತೆ ಕಟ್ಟು ಇರಬೇಕು. ದಿನಕ್ಕೆ ಎರಡು ಸಲ ನೋಡಿ. ಉಗುರುಗಳು ಒಂದರಿಂದೊಂದು ಅಗಲವಾಗುತ್ತಿದ್ದರೆ, ಬೆರಳು ತಣ್ಣಗಿದ್ದರೆ, ವಾಸನೆ ಬಂದರೆ, ಅವತ್ತೇ ಬಿಚ್ಚಿಸಬೇಕು. ಎಲುಬು ಕಟ್ಟುವ ನಾಟಿ ವೈದ್ಯರ ಹತ್ತಿರ ಹೋಗುವವರಿಗೂ ಇದೇ ಮಾತು. ಬಿದಿರಿನ ದಬ್ಬೆ ಬಿಗಿಯಾಗಿ ಕಟ್ಟಿ "ಹದಿನೈದು ದಿನ ಮುಟ್ಟಬ್ಯಾಡ್ರಿ" ಅಂದು ಕಳಿಸಿ, ಬಿಚ್ಚುವಾಗ ಕಾಲು ಕೊಳೆತಿರುತ್ತದೆ. ಎಕ್ಸ್‌ರೇ ಇಲ್ಲದೆ ನಾಯಿ ಕಾಲು ಕಟ್ಟಿಸಬೇಡಿ, ಯಾರ ಹತ್ತಿರವೂ.

ಎಲ್ಲಿ ಮಾಡಿಸುವುದು

ಸರ್ಕಾರಿ ಪಶು ಆಸ್ಪತ್ರೆ, ಜಿಲ್ಲೆಯ ಪಾಲಿಕ್ಲಿನಿಕ್: ಖರ್ಚು ಅತಿ ಕಡಿಮೆ. ಮೊದಲ ದಿನದ ಆರೈಕೆ, ನೋವಿನ ಇಂಜೆಕ್ಷನ್, ಗಾಯಕ್ಕೆ ಹೊಲಿಗೆ, ಸಾದಾ ಕಟ್ಟು ಇದಕ್ಕೆಲ್ಲ ಅಲ್ಲೇ ಹೋಗಿ. ಆದರೆ ಅಲ್ಲಿನವರ ದಿನದ ಕೆಲಸ ಎಮ್ಮೆ, ಆಕಳು, ಕುರಿ. ಹಾವೇರಿ ಕಡೆಯ ತಾಲೂಕು ಆಸ್ಪತ್ರೆಯಲ್ಲಿ ನಾಯಿಯ ತೊಡೆಗೆ ಪ್ಲೇಟ್ ಹಾಕಿ ಅಂತ ಕೇಳುವುದು ಅವರಿಗೂ ಅನ್ಯಾಯ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ಗಾಡಿಯೂ ಮುಖ್ಯವಾಗಿ ದನಕರುಗಳಿಗಾಗಿಯೇ ಇರುವುದು.

ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನ ಪಶು ವಿಶ್ವವಿದ್ಯಾಲಯದ್ದು. ಹುಬ್ಬಳ್ಳಿಯಿಂದ ಸುಮಾರು 60 ಕಿ.ಮೀ. ನಮ್ಮ ಭಾಗದವರು ಮರೆತೇಬಿಡುವ ಆಯ್ಕೆ ಇದು. ಕಾಲೇಜು ಆಸ್ಪತ್ರೆಯಲ್ಲಿ ಖರ್ಚು ಖಾಸಗಿಗಿಂತ ಕಡಿಮೆ, ನೋಡುವವರು ಪಾಠ ಹೇಳುವ ಡಾಕ್ಟರುಗಳು, ಸುತ್ತ ವಿದ್ಯಾರ್ಥಿಗಳು ನಿಂತಿರುತ್ತಾರೆ, ಸಮಯ ಹಿಡಿಯುತ್ತದೆ. ಸುಮ್ನೆ ನಾಯಿ ಹಾಕಿಕೊಂಡು ಹೊರಡಬೇಡಿ. ಮೊದಲು ಫೋನ್ ಮಾಡಿ, ಶಸ್ತ್ರಚಿಕಿತ್ಸೆ ವಿಭಾಗದವರಿಗೆ ಎಕ್ಸ್‌ರೇ ಫೋಟೋ ಕಳಿಸಿ, "ಈ ಮುರಿತ ನೀವು ಮಾಡ್ತೀರಾ, ಯಾವ ದಿನ ಬರಲಿ" ಅಂತ ಕೇಳಿ ಹೋಗಿ. ರಾಣೆಬೆನ್ನೂರು, ಹಿರೇಕೆರೂರು ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೇ ಸಲೀಸು.

ಹುಬ್ಬಳ್ಳಿ-ಧಾರವಾಡದ ಖಾಸಗಿ ಕ್ಲಿನಿಕ್‌ಗಳಲ್ಲಿ ಅನುಕೂಲ ಜಾಸ್ತಿ, ಸಂಜೆಯೂ ತೆರೆದಿರುತ್ತವೆ, ಮರುತಪಾಸಣೆ ಸುಲಭ. ಕೇಳಬೇಕಾದ ಪ್ರಶ್ನೆ ಒಂದೇ: ಈ ಆಪರೇಷನ್ ಮಾಡುವವರು ಯಾರು? ಕ್ಲಿನಿಕ್ಕಿನ ಡಾಕ್ಟರೇ ಮಾಡುತ್ತಾರಾ, ಹೊರಗಿನಿಂದ ಸರ್ಜನ್ ಬರುತ್ತಾರಾ, ಬಂದವರು ವಾಪಸ್ ಹೋದ ಮೇಲೆ ರಾತ್ರಿ ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು? ಇದನ್ನು ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಂಗಳೂರು ಕೊನೆಯದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ಖಾಸಗಿ ತಜ್ಞರೂ ಇದ್ದಾರೆ. ಹುಬ್ಬಳ್ಳಿಯಿಂದ 400 ಕಿ.ಮೀ.ಗಿಂತ ಜಾಸ್ತಿ. ಬೆನ್ನೆಲುಬು, ಕೀಲಿನೊಳಗಿನ ಮುರಿತ, ಒಮ್ಮೆ ಆಪರೇಷನ್ ಆಗಿ ಕೆಟ್ಟಿರುವ ಎಲುಬು, ಇಂಥದಕ್ಕೆ ಹೋಗಬೇಕು. ಸಾದಾ ಮುರಿತಕ್ಕೆ ಬೇಡ. ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆ ನಿಮ್ಮದಾಗಬೇಕು, ಇಲ್ಲವೇ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ಕಾಲು ಮುರಿದ ನಾಯಿಯನ್ನು ಆ ಪೆಟ್ಟಿಗೆಯಲ್ಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕಾರೇ ಗತಿ. ಹೋಗುವ ಮುಂಚೆ ಒಂದು ಒಪ್ಪಂದ ಮಾಡಿಕೊಳ್ಳಿ: ಹೊಲಿಗೆ ಊರಲ್ಲೇ ಬಿಚ್ಚಿಸುತ್ತೇವೆ, ಆರು ವಾರದ ಎಕ್ಸ್‌ರೇ ಇಲ್ಲೇ ತೆಗೆಸಿ ವಾಟ್ಸಾಪ್ ಮಾಡುತ್ತೇವೆ ಅಂತ. ಒಪ್ಪಿದರೆ ಎರಡು ಪ್ರಯಾಣ ಉಳಿಯಿತು.

ಎಲ್ಲಿಯೇ ಮಾಡಿಸಿ, ಅರಿವಳಿಕೆಗೆ ಮುಂಚೆ ರಕ್ತ ಪರೀಕ್ಷೆ ಬಿಡಬೇಡಿ. ನಮ್ಮ ಕಡೆ ಮೈಮೇಲೆ ಉಣ್ಣೆ ಹುಳ ಇಲ್ಲದ ನಾಯಿ ಕಡಿಮೆ, ಉಣ್ಣೆಯಿಂದ ಬರುವ ಜ್ವರ ಪ್ಲೇಟ್‌ಲೆಟ್ ಇಳಿಸಿಬಿಟ್ಟಿರುತ್ತದೆ, ಮೇಲೆ ಏನೂ ಗೊತ್ತಾಗುವುದಿಲ್ಲ, ಕತ್ತರಿಸಿದಾಗ ರಕ್ತ ನಿಲ್ಲುವುದಿಲ್ಲ. ಮುಧೋಳ ನಾಯಿ ಸಾಕಿದವರು ಇನ್ನೊಂದು ಮಾತು ಡಾಕ್ಟರಿಗೆ ನೆನಪಿಸಿ. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಗಳಿಂದ ಅಂಥ ನಾಯಿಗಳು ಏಳುವುದು ತಡವಾಗುತ್ತದೆ.

ಇನ್ನು ರೊಕ್ಕ

ಒಟ್ಟು ಮೊತ್ತ ಬರೆದುಕೊಡಿ ಅಂತ ಕೇಳಿ. ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು, ಎರಡೂ. ಅದರಲ್ಲಿ ಎಕ್ಸ್‌ರೇ, ರಕ್ತ ಪರೀಕ್ಷೆ, ಅರಿವಳಿಕೆ, ಪ್ಲೇಟಿನ ಬೆಲೆ, ಉಳಿಸಿಕೊಳ್ಳುವ ದಿನದ ಬಾಡಿಗೆ, ಮರುತಪಾಸಣೆ ಎಲ್ಲ ಸೇರಿದೆಯಾ ನೋಡಿ. "ಎಲುಬು ಕೂಡದಿದ್ದರೆ ಮುಂದೆ ಏನು, ಅದಕ್ಕೆಷ್ಟು?" ಇದು ಕೇಳಲು ಮುಜುಗರದ ಪ್ರಶ್ನೆ, ಆದರೆ ಕೇಳಲೇಬೇಕು. ಹೇಳಿದ ಮೊತ್ತದ ಮೇಲೆ ಓಡಾಟಕ್ಕೆ, ಔಷಧಕ್ಕೆ, ಕೆಲಸಕ್ಕೆ ರಜೆ ಹಾಕಿದ್ದಕ್ಕೆ ಅಂತ ಮೂರನೇ ಒಂದು ಭಾಗ ಸೇರಿಸಿಕೊಂಡೇ ನಾನು ಲೆಕ್ಕ ಹಾಕುತ್ತೇನೆ. 30,000 ಅಂದರೆ ನನಗೆ ಅದು 40,000.

ಸಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಖಾರ. ಒಂದು ವರ್ಷದ ನಾಯಿ, ಒಂದೇ ಮುರಿತ, ಮನೆಯಲ್ಲಿ ನೋಡುವವರಿದ್ದಾರೆ, ನಾಲ್ಕೈದು ತಿಂಗಳಲ್ಲಿ ತೀರಿಸಬಹುದು ಅಂದರೆ ಸಾಲ ಮಾಡಿಯಾದರೂ ಮಾಡಿಸಿ, ಅದರ ಮುಂದೆ ಇನ್ನೂ ಹತ್ತು ಹನ್ನೆರಡು ವರ್ಷ ಇದೆ. ನೋವು ತಿಳಿಯದ ಬೆನ್ನುಹುರಿಗೆ ಬಂಗಾರ ಅಡವಿಡಬೇಡಿ. ಮಗನ ಫೀಸಿಗೆ, ಅಪ್ಪನ ಗುಳಿಗೆಗೆ ಎತ್ತಿಟ್ಟದ್ದನ್ನು ಮುಟ್ಟಬೇಡಿ. ಯಾರು ಏನೇ ಅಂದುಕೊಳ್ಳಲಿ, ಅಂಥ ಸ್ಥಿತಿಯಲ್ಲಿ ಪ್ಲೇಟ್ ಬಿಟ್ಟು ಕಾಲು ತೆಗೆಸುವುದನ್ನು ಆರಿಸಿದರೆ ನಾಯಿಯ ಪ್ರೀತಿ ಕಡಿಮೆ ಆಯಿತು ಅಂತ ಅರ್ಥವಲ್ಲ. ರೊಕ್ಕ ಇಲ್ಲ ಅಂತ ಡಾಕ್ಟರಿಗೆ ನೇರವಾಗಿ ಹೇಳಿ. "ಸರ್, ನನ್ನ ಕೈಯಲ್ಲಿ 12,000 ಇದೆ, ಅದರಲ್ಲಿ ನೋವಿಲ್ಲದ ಹಾಗೆ ಏನು ಮಾಡಬಹುದು?" ಅಂದರೆ ಬೇರೆ ದಾರಿ ಹೇಳುತ್ತಾರೆ. ಹೇಳದೆ ಸುಮ್ನೆ "ಯೋಚನೆ ಮಾಡಿ ಬರ್ತೀವಿ" ಅಂದು ಹೋದರೆ ನಾಯಿ ಔಷಧವೂ ಇಲ್ಲದೆ ಒಂದು ವಾರ ಕಳೆಯುತ್ತದೆ.

ಕಂತಿನಲ್ಲಿ ಕಟ್ಟುತ್ತೇವೆ ಅಂತ ಕೇಳಿದರೆ ಪರಿಚಯದ ಡಾಕ್ಟರುಗಳು ಒಪ್ಪುವುದುಂಟು. ಬೀದಿ ನಾಯಿಯಾದರೆ ಓಣಿಯವರಿಂದ ಪಟ್ಟಿ ಎತ್ತಬಹುದು, ಆದರೆ ಎರಡು ತಿಂಗಳು ಯಾರ ಮನೆಯಲ್ಲಿರುತ್ತದೆ ಅಂತ ಪಟ್ಟಿ ಎತ್ತುವ ಮುಂಚೆಯೇ ತೀರ್ಮಾನವಾಗಲಿ, ರೊಕ್ಕ ಕೊಡಲು ಜನ ಸಿಗುತ್ತಾರೆ, ಜಾಗ ಕೊಡಲು ಸಿಗುವುದಿಲ್ಲ. ಇನ್ನು ನಾಯಿಗಳಿಗೆ ವಿಮೆ ಮಾಡುವ ಕಂಪನಿಗಳು ನಮ್ಮ ದೇಶದಲ್ಲೂ ಇವೆ. ಕಾಲು ಮುರಿದ ಮೇಲೆ ಮಾಡಿಸಿದರೆ ಆ ಕಾಲಿಗೆ ಪೈಸೆಯೂ ಬರುವುದಿಲ್ಲ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದಕ್ಕೆ ಈಗಲೇ ವಿಚಾರಿಸಿ, ಪಾಲಿಸಿಯಲ್ಲಿ ವಯಸ್ಸಿನ ಮಿತಿ ಎಷ್ಟು, ಅಪಘಾತ ಯಾವ ದಿನದಿಂದ ಸೇರುತ್ತದೆ, ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು, ಈ ಮೂರು ಓದಿ ಸಹಿ ಹಾಕಿ. ಗೇಟಿಗೆ ಒಂದು ಸ್ಪ್ರಿಂಗ್ ಹಾಕಿಸಿ, ಅದು ವಿಮೆಯ ಕಂತಿಗಿಂತ ಅಗ್ಗ.